ಅಟ್ಟ: ಕಾವಲು ನಿಂತ ಪದ

‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.’ ಈ ಗಾದೆ ನಿಮಗೆಲ್ಲ ಬಾಯಿಪಾಠ. ಇದರಲ್ಲಿರುವ ‘ಅಟ್ಟ’ ಯಾವುದು ಎಂದು ಕೇಳಿದರೆ, ಇವತ್ತಿನ ಶಾಲೆಯ ಮಕ್ಕಳಲ್ಲಿ ಬಹಳಷ್ಟು ಮಂದಿ ಮೇಲಕ್ಕೆ ಕೈ ತೋರಿಸುತ್ತಾರೆ. ಅಟ್ಟದ ಮೇಲೆ ಒಲೆ ಹೊತ್ತಿಸಿದರೆ ಮನೆ ಸುಟ್ಟುಹೋಗುತ್ತದೆ, ಆಮೇಲೆ ಬುದ್ಧಿ ಬರುತ್ತದೆ ಎಂದು ಅರ್ಥವನ್ನೂ ಕಟ್ಟಿಕೊಡುತ್ತಾರೆ. ಆದರೆ ಗಾದೆಯಲ್ಲಿ ‘ಅಟ್ಟದ ಮೇಲೆ’ ಎಂದಿಲ್ಲ, ‘ಅಟ್ಟ ಮೇಲೆ’ ಎಂದಿದೆ. ನಡುವೆ ಒಂದು ‘ದ’ ಇಲ್ಲ. ಇಡೀ ವಿಷಯ ಆ ‘ದ’ಕಾರದಲ್ಲಿದೆ. ಇಡು–ಇಟ್ಟ, ಬಿಡು–ಬಿಟ್ಟ, ಉಡು–ಉಟ್ಟ, ಕೆಡು–ಕೆಟ್ಟ, ಅದೇ ಸಾಲಿನಲ್ಲಿ ಅಡು–ಅಟ್ಟ. ಅಡುವುದು ಎಂದರೆ ಬೇಯಿಸುವುದು. ಅಡುಗೆ ಬಂದದ್ದು ಅಲ್ಲಿಂದ. ಅಡುಗೆ ಆಗುವಾಗ ಹೊಗೆಯಾಡುತ್ತಿದ್ದ ಒಲೆ, ಎಲ್ಲ ಬೆಂದು ಮುಗಿದ ಮೇಲೆ ಧಗಧಗ ಉರಿಯಿತು. ಗಾದೆ ಹೇಳುವುದು ಇಷ್ಟು. ‘ಅಟ್ಟಿಕ್ಕಿದವಳಿಗಿಂತ ಬೊಟ್ಟಿಟ್ಟವಳೇ ಮೇಲು’ ಎನ್ನುವಲ್ಲಿಯೂ ಇದೇ ಅಟ್ಟು, ಬೇಯಿಸಿ.

ಮಾಡಿನ ಕೆಳಗಿನ ಅಟ್ಟದ ಬಗ್ಗೆ ಮಾತಾಡಲು ಬಂದು ಒಲೆಯಿಂದ ಶುರುಮಾಡಲು ಕಾರಣವಿದೆ. ಪದದ ಮೂಲ ಹುಡುಕುವವರು ಮೊದಲು ಮಾಡಬೇಕಾದ ಕೆಲಸ, ಒಂದೇ ವೇಷ ತೊಟ್ಟ ಬೇರೆಬೇರೆ ಪದಗಳನ್ನು ಬೇರ್ಪಡಿಸುವುದು. ಬೆಂದ ‘ಅಟ್ಟ’ ಒಂದು. ಓಡಿಸು ಎಂಬರ್ಥದ ‘ಅಟ್ಟು’ ಇನ್ನೊಂದು, ‘ಅಟ್ಟಿಸಿಕೊಂಡು ಹೋದ’ ಎನ್ನುತ್ತೇವಲ್ಲ, ಅದು. ಮೂರನೆಯದು ನಮ್ಮ ಅಟ್ಟ. ಇದು ನಾಮಪದವಾದ್ದರಿಂದ ವಿಭಕ್ತಿ ಹಚ್ಚಿದರೆ ತಾನಾಗಿ ಬೇರೆಯಾಗಿ ನಿಲ್ಲುತ್ತದೆ: ಅಟ್ಟದ, ಅಟ್ಟಕ್ಕೆ, ಅಟ್ಟದಿಂದ. ಬೆಂದ ಅಟ್ಟಕ್ಕೆ ಹೀಗೆ ಮಾಡಲು ಬರುವುದಿಲ್ಲ.

ಈ ಗೊಂದಲ ನಮ್ಮ ಕಾಲದ್ದಷ್ಟೇ ಅಲ್ಲ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಯುಗಾಂತ್ಯದ ಕೇಡುಗಳನ್ನು ಹೇಳುತ್ತ ‘ಅಟ್ಟಶೂಲಾ ಜನಪದಾಃ’ ಎನ್ನುತ್ತಾರೆ. ಅಲ್ಲಿ ಅಟ್ಟ ಎಂದರೆ ಗೋಪುರವೆಂದು ಓದಿದರೆ ಅರ್ಥ ಕೂಡುವುದಿಲ್ಲ. ಅಟ್ಟವೆಂದರೆ ಅನ್ನ, ಶೂಲವೆಂದರೆ ಮಾರಾಟ. ಜನರು ಅನ್ನವನ್ನು ಮಾರುವ ಕಾಲ ಬರುತ್ತದೆ ಎಂದು ವ್ಯಾಖ್ಯಾನಕಾರರು ಬಿಡಿಸಿಕೊಟ್ಟಿದ್ದಾರೆ. ಅನ್ನವೆಂಬ ಈ ಅರ್ಥಕ್ಕೆ ಸಂಸ್ಕೃತದಲ್ಲಿ ತಕ್ಕ ಧಾತು ಸಿಗುವುದು ಕಷ್ಟ. ನಮ್ಮ ಅಡು–ಅಟ್ಟದಲ್ಲಿ ಸುಲಭವಾಗಿ ಸಿಗುತ್ತದೆ. ಅದು ಬೇರೆಯದೇ ಕಥೆ, ಅಲ್ಲಿಗೆ ಹೋದರೆ ಅಟ್ಟ ಹತ್ತಲು ಹೊತ್ತಾಗುತ್ತದೆ.

ಈಗ ಒಂದು ಸಣ್ಣ ಕೆಲಸ ಮಾಡೋಣ. ‘ಅಟ್ಟ’ ಎಂಬ ಮಾತನ್ನು ಕನ್ನಡಿಗರು ಏನೇನಕ್ಕೆ ಬಳಸುತ್ತಾರೆ ಎಂದು ಒಂದೊಂದಾಗಿ ಎದುರಿಗೆ ಇಟ್ಟುಕೊಳ್ಳೋಣ. ಮಲೆನಾಡಿನ ಹೆಂಚಿನ ಮನೆಯಲ್ಲಿ ಮಾಡಿಗೂ ಕೋಣೆಗೂ ನಡುವಿನ ಹಲಗೆಯ ನೆಲ ಅಟ್ಟ. ಅಡುಗೆಮನೆಯ ಮೇಲಿನದು ಹೊಗೆಅಟ್ಟ. ಬೆಂಗಳೂರಿನ ಕಾಂಕ್ರೀಟು ಮನೆಯಲ್ಲಿ ಬಾಗಿಲ ಲಿಂಟಲ್ ಮಟ್ಟದಲ್ಲಿ, ಸುಮಾರು 7 ಅಡಿ ಎತ್ತರಕ್ಕೆ, ಗೋಡೆಯಿಂದ 2 ಅಡಿ ಚಾಚಿದ ತೆಳು ಹಲಗೆಯೂ ಅಟ್ಟವೇ. ಮೇಸ್ತ್ರಿಗಳು ಅದನ್ನು ‘ಲಾಫ್ಟ್’ ಎಂದರೂ ಮನೆಯ ಹೆಂಗಸರು ‘ಅಟ್ಟದ ಮೇಲಿನ ಪಾತ್ರೆ’ ಎಂದೇ ಅನ್ನುತ್ತಾರೆ. ಬಯಲಾಟದವರಿಗೆ ಅಟ್ಟವೆಂದರೆ ರಂಗ. ಕಂಬ ನೆಟ್ಟು ಹಲಗೆ ಹಾಸಿ ಎತ್ತರಿಸಿದ ವೇದಿಕೆಯ ಮೇಲೆ ಆಡುವುದರಿಂದ ದೊಡ್ಡಾಟಕ್ಕೆ ‘ಅಟ್ಟದಾಟ’ ಎಂಬ ಹೆಸರೇ ಇದೆ. ಹೊಲದಲ್ಲಿ ಹಂದಿ, ಹಕ್ಕಿ ಕಾಯಲು ನಾಲ್ಕು ಗಳುವಿನ ಮೇಲೆ ಕಟ್ಟುವುದು ಅಟ್ಟಣೆ ಅಥವಾ ಅಟ್ಟಣಿಗೆ. ಹಳೆಯ ಕಾವ್ಯಗಳಲ್ಲಿ ಕೋಟೆಯ ವರ್ಣನೆ ಬಂದಾಗ ಕೊತ್ತಳದ ಜೊತೆಗೆ ಬರುವುದು ಅಟ್ಟಳೆ.

ಇವುಗಳಿಗೆಲ್ಲ ಸಮಾನವಾದದ್ದು ಯಾವುದು? ಮಾಡು ಅಲ್ಲ. ಬಯಲಾಟದ ಅಟ್ಟಕ್ಕೆ ಮಾಡಿಲ್ಲ, ಹೊಲದ ಅಟ್ಟಣೆಗೆ ಇದ್ದರೂ ನಾಲ್ಕು ಸೋಗೆ. ಗೋಡೆಯೂ ಅಲ್ಲ, ಕೋಣೆಯೂ ಅಲ್ಲ. ಉಳಿಯುವುದು ಒಂದೇ: ನೆಲದಿಂದ ಎತ್ತಿ ಹಿಡಿದ ಇನ್ನೊಂದು ನೆಲ. ನಿಘಂಟುಗಳಲ್ಲಿ ಅಟ್ಟ ಎಂಬಲ್ಲಿ ‘ಮೇಲ್ಮನೆ, ಮಹಡಿ’ ಎಂದು ಕೊಡುವುದು ತಪ್ಪಲ್ಲ. ಆದರೆ ಆ ಅರ್ಥ ಕೊನೆಗೆ ಬಂದದ್ದು, ಮೊದಲಿನದಲ್ಲ. ಮೊದಲು ಹಲಗೆ, ಆಮೇಲೆ ಕೋಣೆ.

ಹಳೆಯ ಬಳಕೆ ಇದಕ್ಕೆ ಸಾಕ್ಷಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ ನಿಮಗೆ ಗೊತ್ತಿದೆ. ಅದರ ಎರಡನೆಯ ಅಧಿಕರಣದಲ್ಲಿ ದುರ್ಗ ಕಟ್ಟುವ ವಿಧಾನ ಬರುತ್ತದೆ. ಕೋಟೆಗೋಡೆಯ ಮೇಲೆ ಚೌಕಾಕಾರದ ‘ಅಟ್ಟಾಲಕ’ಗಳನ್ನು ಕಟ್ಟಬೇಕು, ಒಂದಕ್ಕೂ ಇನ್ನೊಂದಕ್ಕೂ 30 ದಂಡ ಅಂತರವಿರಬೇಕು ಎನ್ನುತ್ತದೆ. 24 ಅಂಗುಲಕ್ಕೆ ಒಂದು ಅರತ್ನಿ, 4 ಅರತ್ನಿಗೆ ಒಂದು ದಂಡ. ಒಂದು ದಂಡವನ್ನು ಸುಮಾರು 6 ಅಡಿ ಎಂದು ಹಿಡಿದರೆ 30 ದಂಡಕ್ಕೆ 180 ಅಡಿ. ಅಟ್ಟಾಲಕಕ್ಕೂ ಪ್ರತೋಳಿಗೂ (ಎರಡು ಅಟ್ಟಾಲಕಗಳ ನಡುವಿನ ಕಟ್ಟಡ) ನಡುವೆ ಮೂವರು ಬಿಲ್ಲಾಳುಗಳು ನಿಲ್ಲುವಷ್ಟು ಜಾಗದ ‘ಇಂದ್ರಕೋಶ’ ಇರಬೇಕಂತೆ. ಅಳತೆಯ ಹಿಂದಿನ ಲೆಕ್ಕ ನೋಡಿ: ಒಂದು ಅಟ್ಟಾಲಕದ ಮೇಲೆ ನಿಂತವನ ಬಾಣ ಪಕ್ಕದ ಅಟ್ಟಾಲಕದ ಬುಡದವರೆಗೆ ಗೋಡೆಯನ್ನು ಕಾಯುತ್ತದೆ. ಇಲ್ಲಿ ಅಟ್ಟಾಲಕ ಮಲಗುವ ಕೋಣೆಯಲ್ಲ, ನಿಂತು ನೋಡುವ ಜಾಗ. ಪಾಲಿ ಭಾಷೆಯಲ್ಲಿಯೂ ‘ಅಟ್ಟ’ ಎಂದರೆ ಕಾವಲಿಗೆ ಕಟ್ಟಿದ ವೇದಿಕೆ. ‘ಅಟ್ಟಾಲಕ’ ಎಂದರೆ ಕಾವಲುಗೋಪುರ, ಜೊತೆಗೆ ಮನೆಯ ತುದಿಯ ಕೋಣೆ. ಎರಡೂ ಅರ್ಥ ಒಂದೇ ಪದದಲ್ಲಿ ಅಕ್ಕಪಕ್ಕ ನಿಂತಿರುವುದನ್ನು ಅಲ್ಲಿ ಕಾಣಬಹುದು.

ಕಾವಲಿನ ಜಾಗ ಮನೆಯ ಮೇಲಿನ ಕೋಣೆಯಾಗುವುದು ಒಂದೇ ಪದಕ್ಕೆ ಒದಗಿದ ಆಕಸ್ಮಿಕವಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಮಲೆನಾಡಿನವರು ಗದ್ದೆ ಕಾಯಲು ಕಟ್ಟುವ ಎತ್ತರದ ಗುಡಿಸಲಿಗೆ ‘ಮಾಳ’ ಎನ್ನುತ್ತಾರೆ, ‘ಮಾಳ ಕಾಯಲು ಹೋಗಿದ್ದಾನೆ’ ಎನ್ನುತ್ತಾರೆ. ಮರಾಠಿಯಲ್ಲಿ ‘ಮಾಳಾ’ ಎಂದರೆ ಹೊಲ ಕಾಯುವ ಮಂಚಿಗೆ, ಜೊತೆಗೆ ಮನೆಯ ಅಟ್ಟ. ಮುಂಬೈಯಲ್ಲಿ ಅದೇ ಮಾಳಾ ಬೆಳೆದು ಕಟ್ಟಡದ ಅಂತಸ್ತಾಗಿದೆ. ಅಲ್ಲಿನ ಕನ್ನಡಿಗರು ‘ಮೂರನೇ ಮಾಳಾ’ ಎಂದು ವಿಳಾಸ ಹೇಳುವುದನ್ನು ಕೇಳಿದ್ದೀರಿ. ಇನ್ನು ಬಹಳ ದೂರದ ಸಾಕ್ಷಿ: ಇಂಗ್ಲಿಷಿನಲ್ಲಿ ಮಾಡಿನ ಕೆಳಗಿನ ಬಡ ಕೋಣೆಗೆ ‘ಗ್ಯಾರೆಟ್’ ಎನ್ನುತ್ತಾರೆ. ಅದು ಹಳೆಯ ಫ್ರೆಂಚಿನ ‘ಗರೀತ್’ನಿಂದ ಬಂದದ್ದು, ಅರ್ಥ ಕಾವಲುಗೋಪುರ, ಅದರ ಹಿಂದೆ ಕಾಪಾಡು ಎಂಬ ಕ್ರಿಯಾಪದವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದಗಳು ಒಂದೇ ದಾರಿಯಲ್ಲಿ ನಡೆದಿವೆ. ಮನುಷ್ಯ ಮೊದಲು ಎತ್ತರಕ್ಕೆ ಏರಿದ್ದು ವಾಸಕ್ಕಲ್ಲ, ಕಣ್ಣಿಗೆ ದೂರ ಸಿಗಲಿ ಎಂದು. ಹೆದರಿಕೆ ಕಡಿಮೆಯಾದ ಮೇಲೆ ಅದೇ ಜಾಗದಲ್ಲಿ ಸಾಮಾನು ಇಟ್ಟ, ಜಾಗ ಸಾಲದಾದಾಗ ಮಲಗಿದ. ಪದ ಆ ಮೂರೂ ಕಾಲವನ್ನು ಹೊತ್ತುಕೊಂಡು ಬಂದಿದೆ.

ಹಾಗಾದರೆ ಅಟ್ಟ ಯಾರ ಪದ? ನಮ್ಮದೇ, ಸಂಸ್ಕೃತದಿಂದ ಬಂದದ್ದೇ? ಈ ಪ್ರಶ್ನೆಗೆ ಭಾವುಕವಾಗಿ ಉತ್ತರ ಕೊಡುವವರು ಎರಡೂ ಕಡೆ ಇದ್ದಾರೆ. ಸಾಕ್ಷಿಗಳನ್ನು ಹರಡಿ ನೋಡೋಣ.

ಉತ್ತರದ ಸಾಲು: ಸಂಸ್ಕೃತ, ಪಾಲಿ, ಪ್ರಾಕೃತಗಳಲ್ಲಿ ಅಟ್ಟ, ಅಟ್ಟಾಲ, ಅಟ್ಟಾಲಕ, ಅಟ್ಟಾಲಿಕಾ. ಹಿಂದಿ, ಪಂಜಾಬಿಗಳಲ್ಲಿ ಅಟಾರಿ. ಬಂಗಾಳಿಯಲ್ಲಿ ಅಟ್ಟಾಲಿಕಾ ಎಂದರೆ ಭಾರಿ ಕಟ್ಟಡ. ದಕ್ಷಿಣದ ಸಾಲು: ಕನ್ನಡ, ತುಳುಗಳಲ್ಲಿ ಅಟ್ಟ, ಮಲಯಾಳದಲ್ಲಿ ಅಟ್ಟಂ, ತಮಿಳಿನಲ್ಲಿ ಅಟ್ಟಾಲೈ, ತೆಲುಗಿನಲ್ಲಿ ಅಟಕ. ಉದ್ದನೆಯ ರೂಪಗಳ ಮಟ್ಟಿಗೆ ಅನುಮಾನ ಬೇಡ. ಅಟ್ಟಳೆಯಂಥವು ಸಂಸ್ಕೃತದ ಅಟ್ಟಾಲಕ, ಅಟ್ಟಾಲಿಕೆಗಳಿಂದ ಇಳಿದು ಬಂದವು. ಸಂಸ್ಕೃತದ ಕೊನೆಯ ‘ಇಕಾ’ ಕನ್ನಡಕ್ಕೆ ಬರುವಾಗ ‘ಇಗೆ’ ಆಗುವುದನ್ನು ನೀವು ದಿನವೂ ಬಳಸುತ್ತೀರಿ: ಮಲ್ಲಿಕಾ ಮಲ್ಲಿಗೆ, ದೀಪಿಕಾ ದೀವಿಗೆ, ಪೇಟಿಕಾ ಪೆಟ್ಟಿಗೆ, ಘಟಿಕಾ ಗಳಿಗೆ. 13ನೇ ಶತಮಾನದಲ್ಲಿಯೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ತದ್ಭವಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಕಷ್ಟ ಇರುವುದು ಚಿಕ್ಕ ರೂಪದಲ್ಲಿ, ಬರಿಯ ‘ಅಟ್ಟ’ದಲ್ಲಿ. ಸಂಸ್ಕೃತದಲ್ಲಿ ಅಟ್ಟ ಎಂಬುದು ಗುಣವಾಚಕವೂ ಹೌದು. ಎತ್ತರದ, ಗಟ್ಟಿಯಾದ ಎಂಬ ಅರ್ಥ. ಅಟ್ಟಹಾಸ ಎನ್ನುತ್ತೇವಲ್ಲ, ಅದು ಎತ್ತರದ ದನಿಯ ನಗು. ಅಟ್ಟಹಾಸಕ್ಕೂ ಅಟ್ಟಕ್ಕೂ ನಂಟಿದೆ ಎಂದರೆ ಮೊದಲು ನಂಬಿಕೆ ಬರುವುದಿಲ್ಲ, ಆದರೆ ಇದೆ. ಈ ಅಟ್ಟಕ್ಕೆ ಮೂಲ ಧಾತು ಯಾವುದು? ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠದಲ್ಲಿ ‘ಅಟ್ಟ ಅತಿಕ್ರಮಹಿಂಸಯೋಃ’ ಎಂದಿದೆ, ಮೀರುವುದು ಮತ್ತು ಹಿಂಸಿಸುವುದು. ಮೀರುವುದರಿಂದ ಎತ್ತರಕ್ಕೆ ಬರಬಹುದು, ಆದರೆ ಎಳೆದು ಕೂರಿಸಿದಂತೆ ಕಾಣುತ್ತದೆ. ಪದದ ಹೊಟ್ಟೆಯಲ್ಲಿ ‘ಟ್ಟ’ ಒತ್ತು ಇರುವುದು ಕೂಡ, ಇದು ಪ್ರಾಕೃತದ ಮೂಲಕವೋ ದ್ರಾವಿಡದ ಮೂಲಕವೋ ಸಂಸ್ಕೃತಕ್ಕೆ ಹೊಕ್ಕಿರಬಹುದೆಂಬ ಸೂಚನೆ. ದ್ರಾವಿಡದ ಕಡೆ ನೋಡಿದರೆ ಒಂದರ ಮೇಲೊಂದು ಇಡುವ ಅರ್ಥದ ಪದಗಳ ಗುಂಪೇ ಇದೆ. ತಮಿಳಿನ ‘ಅಡುಕ್ಕು’, ಕನ್ನಡದ ‘ಅಡಕು’. ಗಡಿಗೆಯ ಮೇಲೆ ಗಡಿಗೆ ಇಟ್ಟ ಸಾಲಿಗೆ ಅಡಕಲು ಎನ್ನುತ್ತೇವೆ. ನೆಲದ ಮೇಲೆ ಇನ್ನೊಂದು ನೆಲವನ್ನು ಅಡಕಿದರೆ ಅದು ಅಟ್ಟ. ನನ್ನ ಮನಸ್ಸು ವಾಲುವುದು ಈ ಕಡೆಗೆ. ಚಿಕ್ಕ ರೂಪ ದಕ್ಷಿಣದಿಂದ ಉತ್ತರಕ್ಕೆ ಹೋಗಿ, ಅಲ್ಲಿ ‘ಆಲಕ’ ಎಂಬ ಬಾಲ ಅಂಟಿಸಿಕೊಂಡು, ಅಟ್ಟಳೆಯಾಗಿ ಹಿಂದಿರುಗಿತು ಎಂಬುದು ಸಾಕ್ಷಿಗಳಿಗೆ ಹೆಚ್ಚು ಒಪ್ಪುತ್ತದೆ. ಎದುರು ಪಕ್ಷವನ್ನು ತಳ್ಳಿಹಾಕುವಂಥ ಒಂದೇ ಒಂದು ನಿರ್ಣಾಯಕ ಪುರಾವೆ ಮಾತ್ರ ಇಲ್ಲ, ಆದ್ದರಿಂದ ಇದನ್ನು ತೀರ್ಪು ಎಂದು ಬರೆದುಕೊಳ್ಳಬೇಡಿ. 1894ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಕಿಟೆಲ್, ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾರೆ. ಆ ಚರ್ಚೆ ಇನ್ನೂ ನಡೆಯುತ್ತಲೇ ಇದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಮೊಬೈಲಿನಲ್ಲಿ ಇದು ಆಗಾಗ ಓಡಾಡುತ್ತದೆ: ‘ಇಂಗ್ಲಿಷಿನ ಆಟಿಕ್ ನಮ್ಮ ಅಟ್ಟದಿಂದ ಹೋದದ್ದು.’ ದನಿ ಹೊಂದುತ್ತದೆ, ಅರ್ಥ ಹೊಂದುತ್ತದೆ, ಆದರೂ ಸುಳ್ಳು. ಆಟಿಕ್ ಎಂದರೆ ಗ್ರೀಸಿನ ಆಟಿಕಾ ಸೀಮೆಗೆ, ಅಂದರೆ ಅಥೆನ್ಸ್ ಸುತ್ತಿನ ನಾಡಿಗೆ ಸೇರಿದ್ದು ಎಂದು ಅರ್ಥ. ಯುರೋಪಿನ ವಾಸ್ತುಶಿಲ್ಪಿಗಳು ಕಟ್ಟಡದ ಮುಖ್ಯ ಕಂಬಸಾಲಿನ ಮೇಲೆ, ಹೊರಚಾಚಿನ ಪಟ್ಟಿಯ ಮೇಲ್ಗಡೆ, ಗಿಡ್ಡ ಕಂಬಗಳ ಒಂದು ಸಣ್ಣ ಸಾಲು ಕೂರಿಸುತ್ತಿದ್ದರು. ಅದಕ್ಕೆ ಆಟಿಕ್ ಶೈಲಿ ಎಂದು ಹೆಸರು. ಆ ಗಿಡ್ಡ ಸಾಲಿನ ಹಿಂದೆ ಇದ್ದ ಅಂತಸ್ತು ‘ಆಟಿಕ್ ಅಂತಸ್ತು’ ಆಯಿತು. ಕೊನೆಗೆ ಅಂತಸ್ತು ಬಿದ್ದುಹೋಗಿ ಬರಿಯ ಆಟಿಕ್ ಉಳಿಯಿತು. ಪ್ರತಿ ಮೆಟ್ಟಿಲಿಗೂ ಬರಹದ ದಾಖಲೆ ಇದೆ. ನಮ್ಮ ಅಟ್ಟ ಅಲ್ಲಿಗೆ ಹೋಯಿತೆನ್ನಲು ಒಂದು ಮೆಟ್ಟಿಲೂ ಇಲ್ಲ. ಪಾರಸಿಯ ‘ಬಾಲಾಖಾನಾ’ದಿಂದ, ಅಂದರೆ ಮೇಲಿನ ಕೋಣೆಯಿಂದ, ಬಾಲ್ಕನಿ ಬಂತು ಎಂಬ ಹಳೆಯ ಊಹೆಗೂ ಇದೇ ಗತಿ, ಬಾಲ್ಕನಿ ಇಟಾಲಿಯನ್ನಿನ ‘ಬಾಲ್ಕೋನೆ’ಯ ಮಗಳು. ದನಿಯ ಹೋಲಿಕೆಯಿಂದ ಶುರುಮಾಡಿದರೆ ಹೀಗೇ ಎಡವುತ್ತೇವೆ. ಮೊದಲು ಅತಿ ಹಳೆಯ ಬಳಕೆ, ಆಮೇಲೆ ಒಡಹುಟ್ಟು ಭಾಷೆಗಳು, ಆಮೇಲೆ ದನಿ ಬದಲಾಗುವ ನಿಯಮ, ಕೊನೆಗೆ ಆ ವಸ್ತುವನ್ನು ಏನಕ್ಕೆ ಬಳಸುತ್ತಿದ್ದರು ಎಂಬುದು. ಈ ಕ್ರಮ ತಪ್ಪಿಸಬಾರದು.

ಹೋಲಿಕೆ ನೋಡಿ ಅರ್ಥ ಹಚ್ಚುವ ಚಟ ನಮಗಷ್ಟೇ ಇಲ್ಲ. ಬೆಂಗಳೂರಿನ ಬಾಡಿಗೆ ಜಾಹೀರಾತುಗಳಲ್ಲಿ ಮೆರೆಯುವ ‘ಪೆಂಟ್‌ಹೌಸ್’ನಲ್ಲಿ ಮೂಲತಃ ಹೌಸೇ ಇಲ್ಲ. ಗೋಡೆಗೆ ಆನಿಸಿ ಇಳಿಬಿಟ್ಟ ತಗ್ಗಿನ ಶೆಡ್ಡಿಗೆ ಅದು ‘ಪೆಂಟಿಸ್’ ಆಗಿತ್ತು. ಲ್ಯಾಟಿನ್ನಿನ ತೂಗುಹಾಕು ಎಂಬ ಕ್ರಿಯಾಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಕೊನೆಯ ‘ಇಸ್’ ಏನೆಂದು ತಿಳಿಯದ ಇಂಗ್ಲಿಷ್ ಜನ ಅದನ್ನು ಹೌಸ್ ಎಂದು ತಿದ್ದಿದರು. ಗೋಡೆಯ ಬುಡದ ಕೊಟ್ಟಿಗೆ ಅಮೆರಿಕದಲ್ಲಿ ಲಿಫ್ಟ್ ಹತ್ತಿ, ಗಗನಚುಂಬಿಯ ನೆತ್ತಿಯ ಮೇಲೆ ಕೂತಿತು.

ನೆತ್ತಿಯ ಮೇಲಿನ ಕೋಣೆಗೆ ನಮ್ಮಲ್ಲಿ ಬೇರೆ ಹೆಸರುಗಳೂ ಇವೆ. ಅವುಗಳಲ್ಲಿ ‘ಮಾಡ’ದ ಕುಟುಂಬ ದೊಡ್ಡದು. ಹಳಗನ್ನಡದಲ್ಲಿ ಮಾಡ ಎಂದರೆ ಅಂತಸ್ತಿನ ಮನೆ. ತಮಿಳಿನಲ್ಲಿ ಮಾಡಂ, ಮದುರೆಗೆ ನಾನ್ಮಾಡಕ್ಕೂಡಲ್ ಎಂಬ ಹಳೆಯ ಹೆಸರೇ ಇದೆ. ತಮಿಳರ ‘ಮೊಟ್ಟೈ ಮಾಡಿ’, ಬೋಳು ಮಹಡಿ, ನಮ್ಮ ತಾರಸಿ. ತೆಲುಗಿನಲ್ಲಿ ಮೇಡ. ತುಳುವಿನಲ್ಲಿ ಮಾಡ ಎಂದರೆ ದೈವಸ್ಥಾನ. ಮಂಜೇಶ್ವರದ ಹತ್ತಿರದ ಉದ್ಯಾವರ ಮಾಡ ಹೆಸರಾದದ್ದು. ಮರಾಠಿಯಲ್ಲಿ ‘ಮಾಡಿ’. ನಾವು ಈಗ ಹೆಚ್ಚು ಆಡುವ ‘ಮಹಡಿ’ ಈ ಮಾಡ, ಮಾಡಿಗಳ ಬಳಗದ್ದೇ. ಮಹಡಿ ಎಂದು ಬರೆಯುವುದನ್ನು ನೋಡಿ ಅದರಲ್ಲಿ ‘ಮಹಾ’ ಹುಡುಕುವ ಅಗತ್ಯವಿಲ್ಲ. ‘ಉಪ್ಪರಿಗೆ’ಯಲ್ಲಿ ಸಂಸ್ಕೃತದ ‘ಉಪರಿ’, ಅಂದರೆ ಮೇಲೆ, ಕಣ್ಣಿಗೇ ಕಾಣುತ್ತದೆ. ಪ್ರಾಕೃತದಲ್ಲಿ ಅದು ಆಗಲೇ ‘ಉಪ್ಪರಿ’ ಆಗಿತ್ತು.

ಮಾಳಿಗೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ತಮಿಳಿನಲ್ಲಿ ಮಾಳಿಗೈ ಎಂದರೆ ಅರಮನೆ, ಮಲಯಾಳದಲ್ಲಿ ಮಾಳಿಗ ಎಂದರೆ ಮೇಲಂತಸ್ತು. ಬಳ್ಳಾರಿ, ಚಿತ್ರದುರ್ಗ, ರಾಯಚೂರಿನ ಕಡೆ ಮಾಳಿಗೆ ಎಂದರೆ ಮಣ್ಣು ಹೊದೆಸಿದ ಸಪಾಟು ಸೂರು. ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತಿ, ಜಂತಿಯ ಮೇಲೆ ಕಡ್ಡಿ, ಸೊಪ್ಪಿನ ಹಾಸು, ಅದರ ಮೇಲೆ ತುಳಿದ ಮಣ್ಣು, ಎಲ್ಲದರ ಮೇಲೆ ಕರಲು ಮಣ್ಣು. ಕರಲೇ ಏಕೆಂದರೆ, ಅದರಲ್ಲಿರುವ ಸವಳಿನ ಉಪ್ಪು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮೊದಲ ಹನಿಗೆ ಅವು ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದೆ ಮೇಲೇ ಜಾರುತ್ತದೆ. ಇಳಿಜಾರು ಸಾಲದೆ ನೀರು ನಿಂತರೆ ಸೊಪ್ಪು ಕೊಳೆತು ಜಂತಿಗೆ ಗೆದ್ದಲು ಬರುತ್ತದೆ. ಬಿಸಿಲಿಗೆ ಬಿರುಕು ಬಿಟ್ಟ ಕರಲನ್ನು ಮಳೆಗಾಲಕ್ಕೆ ಮೊದಲು ಹೊಸದಾಗಿ ಹಾಕದಿದ್ದರೆ ಮನೆ ಸೋರುತ್ತದೆ. ಈ ಕಡೆಯವರಿಗೆ ‘ಮಾಳಿಗೆ ಮೇಲೆ’ ಎಂದರೆ ಸಂಡಿಗೆ ಒಣಗಿಸುವ, ಬೇಸಿಗೆಯಲ್ಲಿ ಮಲಗುವ ಬಯಲು. ಇನ್ನು ‘ನೆಲಮಾಳಿಗೆ’ ನೋಡಿ. ಮೇಲಕ್ಕೇ ಸೇರಿದ ಪದವನ್ನು ಕನ್ನಡ ನೆಲದ ಕೆಳಗೆ ಇಳಿಸಿತು. ಮಾಳಿಗೆಯೆಂದರೆ ಸೂರು ಎಂದಿಟ್ಟುಕೊಂಡರೆ ಇದು ತಟ್ಟನೆ ಸರಿಹೋಗುತ್ತದೆ, ನೆಲವೇ ಸೂರಾಗಿರುವ ಕೋಣೆ.

ಆ ಮಾಳಿಗೆಯಲ್ಲಿ ಬೆಳಕಿಗೆಂದು ಬಿಡುವ ತೂತಿಗೆ ಆ ಸೀಮೆಯವರು ‘ಗವಾಕ್ಷಿ’ ಎನ್ನುತ್ತಾರೆ. ಗವಾಕ್ಷ, ಗೋವಿನ ಕಣ್ಣು. ಬಾದಾಮಿ, ಪಟ್ಟದಕಲ್ಲಿನ ಗುಡಿಗಳ ಶಿಖರದ ಮೇಲೆ ಕುದುರೆ ಲಾಳದಂಥ ಕಮಾನು ಮತ್ತೆ ಮತ್ತೆ ಕೆತ್ತಿರುವುದನ್ನು ನೋಡಿದ್ದೀರಿ. ವಾಸ್ತುಶಿಲ್ಪ ಬಲ್ಲವರು ಅದಕ್ಕೆ ಗವಾಕ್ಷವೆಂದೂ ಹೇಳುತ್ತಾರೆ, ‘ಚಂದ್ರಶಾಲೆ’ ಎಂದೂ ಹೇಳುತ್ತಾರೆ. ಚಂದ್ರಶಾಲೆಯೆಂದರೆ ಮನೆಯ ನೆತ್ತಿಯ ಕೋಣೆ, ಬೆಳದಿಂಗಳ ಕೋಣೆ. ಕಾಳಿದಾಸನ ರಘುವಂಶದ 13ನೇ ಸರ್ಗದಲ್ಲಿ ರಾಮ ಪುಷ್ಪಕದಲ್ಲಿ ಹಿಂದಿರುಗುವಾಗ, ಪಂಚಾಪ್ಸರ ಸರೋವರದ ನೀರಿನೊಳಗಿನ ಸೌಧದಿಂದ ಮೃದಂಗದ ಸದ್ದು ಆಕಾಶಕ್ಕೇರಿ ವಿಮಾನದ ಚಂದ್ರಶಾಲೆಗಳಲ್ಲಿ ಮಾರ್ದನಿಗೊಡುತ್ತದೆ. ವಾಸಕ್ಕಿದ್ದ ಕೋಣೆಯ ಮುಖಕಮಾನು ಕಲ್ಲಿನಲ್ಲಿ ಬರಿಯ ಅಲಂಕಾರವಾಗಿ ಉಳಿದು, ಕೋಣೆಯ ಹೆಸರನ್ನೂ ಇಟ್ಟುಕೊಂಡಿತು. ಆ ಶ್ಲೋಕದ ಸೌಧವೂ ನಮಗೆ ಪರಿಚಿತವೇ. ಸುಧೆ ಎಂದರೆ ಅಮೃತ, ಸುಧೆ ಎಂದರೆ ಸುಣ್ಣ. ಸುಣ್ಣದ ಗಾರೆ ಬಳಿದದ್ದು ಸೌಧ. 1956ರಲ್ಲಿ ಮುಗಿದ ವಿಧಾನಸೌಧ ಕಟ್ಟಿದ್ದು ಗ್ರಾನೈಟಿನಲ್ಲಿ, ಹೆಸರು ಮಾತ್ರ ಸುಣ್ಣದ್ದು.

ದೆಹಲಿಯಲ್ಲಿರುವ ಕನ್ನಡಿಗರು ನನ್ನ ಪಟ್ಟಿಗೆ ಇನ್ನೊಂದು ಸೇರಿಸುತ್ತಾರೆ: ಬರಸಾತಿ. ದೇಶ ವಿಭಜನೆಯ ನಂತರ ಎದ್ದ ಡಿಫೆನ್ಸ್ ಕಾಲೊನಿ, ಜಂಗ್‌ಪುರಗಳಂಥ ಬಡಾವಣೆಗಳ ಎರಡೂವರೆ ಅಂತಸ್ತಿನ ಮನೆಗಳಲ್ಲಿ ಆ ಅರ್ಧ ಅಂತಸ್ತೇ ಬರಸಾತಿ. ಬೇಸಿಗೆಯ ರಾತ್ರಿ ತಾರಸಿಯ ಮೇಲೆ ಮಲಗಿದವರು ಮಳೆ ಬಂದರೆ ಹಗ್ಗದ ಮಂಚ ಎಳೆದುಕೊಂಡು ಒಳಹೋಗಲು ಒಂದು ಕೋಣೆ. ಬರಸಾತ್ ಎಂದರೆ ಮಳೆಗಾಲ, ಸಂಸ್ಕೃತದ ವರ್ಷಾ ಅದರೊಳಗಿದೆ. ಅದೇ ಬರಸಾತಿ ಮಳೆಯಂಗಿಗೂ ಹೆಸರು, ಮಳೆಗಾಲದಲ್ಲಿ ಕುದುರೆಗೆ ಬರುವ ಹುಣ್ಣಿಗೂ ಹೆಸರು. ಮೂರಕ್ಕೂ ನಂಟು ಮಳೆಯೊಂದೇ. ಕೊಠಡಿ ಎಲ್ಲಿದೆ ಎಂದು ಅಟ್ಟ ಹೇಳಿದರೆ, ಯಾವಾಗ ಬೇಕು ಎಂದು ಬರಸಾತಿ ಹೇಳುತ್ತದೆ. ಈಗ ಅಲ್ಲಿ ಹಳೆಯ ಮನೆ ಕೆಡವಿ ನಾಲ್ಕಂತಸ್ತು ಕಟ್ಟುತ್ತಿರುವುದರಿಂದ ಬರಸಾತಿಗಳು ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತಿವೆ.

ಅಟ್ಟಕ್ಕೇ ಹಿಂದಿರುಗೋಣ. ಒಂದು ಪದ ಜನರ ಬಾಯಲ್ಲಿ ಎಷ್ಟು ಬೇರುಬಿಟ್ಟಿದೆ ಎಂದು ನುಡಿಗಟ್ಟು ಹೇಳುತ್ತದೆ. ಕನ್ನಡದಲ್ಲಿ ‘ಹೊಗಳಿ ಅಟ್ಟಕ್ಕೇರಿಸಿದರು’ ಎಂದರೆ ಇಲ್ಲದ ದೊಡ್ಡಸ್ತಿಕೆ ಕೊಟ್ಟರು. ತೆಲುಗಿನಲ್ಲಿ ‘ಅಟಕೆಕ್ಕಿಂಚಾರು’, ಅಟ್ಟಕ್ಕೇರಿಸಿದರು, ಎಂದರೆ ಕೈಬಿಟ್ಟರು, ಮೂಲೆಗೆ ಹಾಕಿದರು. ಯೋಜನೆ ಅಟ್ಟ ಹತ್ತಿತು ಎಂದು ತೆಲುಗು ಪತ್ರಿಕೆ ಬರೆದರೆ ಅದು ನಿಂತುಹೋಯಿತು ಎಂದರ್ಥ. ಒಂದೇ ಪದ, ಒಂದೇ ಕ್ರಿಯೆ. ಕನ್ನಡಿಗ ಅಟ್ಟದ ಎತ್ತರ ನೋಡಿದ, ತೆಲುಗರು ಅಟ್ಟದ ಧೂಳು ನೋಡಿದರು. ಅನುವಾದ ಮಾಡುವವರು ಇಲ್ಲಿ ಜಾರಿ ಬೀಳುತ್ತಾರೆ, ನೆನಪಿಟ್ಟುಕೊಳ್ಳಿ.

ಇನ್ನು ಹೊಗೆಅಟ್ಟ. ಅಡುಗೆಮನೆಯ ತೊಲೆಗಳ ಮೇಲೆ ಇದಕ್ಕೆ ಹಲಗೆ ಹೊಡೆಯುವುದಿಲ್ಲ. ಬಿದಿರಿನ ಅಥವಾ ಅಡಿಕೆಯ ದಬ್ಬೆಯನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹಾಸುತ್ತಾರೆ. ಒಲೆಯ ಹೊಗೆ, ಬಿಸಿ ಆ ಸಂದಿನಿಂದ ಮೇಲೇರಿ, ಅಟ್ಟದ ಸಾಮಾನನ್ನು ಸುತ್ತಿ, ಹೆಂಚಿನ ಸಂದಿನಿಂದ ಹೊರಬೀಳಬೇಕು. ಸಂದು ಕಿರಿದಾದರೆ ಹೊಗೆ ಕೋಣೆಯಲ್ಲೇ ತಿರುಗಿ ಕಣ್ಣುರಿ. ಅಗಲವಾದರೆ ಒಣಗಲು ಹರಡಿದ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ಸಾರಿನ ಪಾತ್ರೆಗೆ ಉದುರುತ್ತದೆ. ಉಪ್ಪಾಗೆ ಹಣ್ಣಾಗುವುದೇ ಜಡಿಮಳೆಯಲ್ಲಿ, ಬಿಸಿಲಿನ ಆಸೆಯಿಲ್ಲ, ಹೊಗೆಅಟ್ಟವೇ ಅದಕ್ಕೆ ಬಿಸಿಲು. ಮುಂದಿನ ವರ್ಷದ ಬಿತ್ತನೆಯ ಬೀಜ, ಬುಟ್ಟಿ, ಕೊರೆದಿಟ್ಟ ಕತ್ತಿಹಿಡಿ ಎಲ್ಲ ಅಲ್ಲೇ. ತೊಲೆಯಿಂದ ಕರಿ ಎಳೆಗಳಾಗಿ ತೂಗುವ ಮಸಿಗೆ ‘ಇಲ್ಲಣ’ ಎಂದು ಹೆಸರು. ಗೋಡೆಗೆ ಅಂಟಿದ ಉದ್ದ ಹಲಗೆಗೆ ‘ನಾಗಂದಿಗೆ’; ಗೋಡೆಯ ಗೂಟಕ್ಕೆ ಸಂಸ್ಕೃತದಲ್ಲಿ ಇರುವ ನಾಗದಂತ ಎಂಬ ಹೆಸರು, ಅಂದರೆ ಆನೆಯ ದಂತ, ಸವೆದು ಬಂದದ್ದು.

ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅಟ್ಟದ ದಬ್ಬೆಯಿಂದ ಹಿಟ್ಟು ಉದುರತೊಡಗುತ್ತದೆ. ಕುಟ್ಟೆ ಹಿಡಿಯಿತು ಎನ್ನುತ್ತಾರೆ. ಹೊಗೆ ಎರಡು ಕೆಲಸ ಮಾಡುತ್ತಿತ್ತು: ಮರದ ತೇವವನ್ನು ಎಳೆಯುತ್ತಿತ್ತು, ಹುಳುವಿಗೆ ಹಿಡಿಸದ ಟಾರಿನಂಥ ಲೇಪ ಹಚ್ಚುತ್ತಿತ್ತು. ಅದು ನಿಂತ ಮೇಲೆ ಬಿದಿರಿನ ಪಿಷ್ಟಕ್ಕೆ ಹುಳು ಬರುವುದನ್ನು ತಡೆಯುವವರಿಲ್ಲ. ಅಂಥ ಮನೆಯಲ್ಲಿ ಹೊಸ ದಬ್ಬೆ ಹಾಕುವುದಾದರೆ ಬಿದಿರನ್ನು ವಾರಗಟ್ಟಲೆ ಹರಿವ ನೀರಿನಲ್ಲಿ ಮುಳುಗಿಸಿ ಪಿಷ್ಟ ತೊಳೆದುಹೋಗುವಂತೆ ಮಾಡಿ, ನೆರಳಲ್ಲಿ ಒಣಗಿಸಬೇಕು.

ಹೊಗೆಯ ಜೊತೆಗೆ ಇಲ್ಲಣ ಎಂಬ ಪದವೂ ಹೋಗುತ್ತಿದೆ. ವಸ್ತುವಿಲ್ಲದ ಮನೆಯಲ್ಲಿ ಹೆಸರನ್ನು ಯಾರು ಹೇಳಬೇಕು? ಆದ್ದರಿಂದ ನಿಮ್ಮಲ್ಲಿ ಯಾರಿಗಾದರೂ ಹಳೆಯ ಮನೆಯ ಒಡನಾಟ ಇದ್ದರೆ ಒಂದು ಕೆಲಸ ಮಾಡಿ. ಅಟ್ಟಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಬೇಡಿ, ಕೇಳಿದ ಪದವನ್ನೇ ತಿರುಗಿಸಿ ಕೊಡುತ್ತಾರೆ. ಏಣಿಯ ಬುಡದಲ್ಲಿ ನಿಂತು ಮೇಲೆ ಬೆರಳು ತೋರಿಸಿ, ಅದೇನು ಎನ್ನಿ. ಹತ್ತಿ ಹೋಗುವ ಕಂಡಿಗೆ ಏನೆನ್ನುತ್ತಾರೆ, ಅದರ ಮುಚ್ಚಳಕ್ಕೆ ಏನು, ತೊಲೆಗೂ ಗೋಡೆಗೂ ನಡುವಿನ ಬೆಕ್ಕು ಮಲಗುವ ಸಂದಿಗೆ ಏನು ಎಂದು ಒಂದೊಂದೇ ಕೇಳಿ. ಹೇಳಿದ್ದನ್ನು ತಿದ್ದದೆ, ಶಿಷ್ಟ ಕನ್ನಡಕ್ಕೆ ತಿರುಗಿಸದೆ, ಊರಿನ ಹೆಸರು ಮತ್ತು ತಾರೀಖಿನ ಜೊತೆ ಬರೆದಿಡಿ. ಕೊನೆಗೆ ಕ್ರಿಯಾಪದವನ್ನು ಕೇಳುವುದು ಮರೆಯಬೇಡಿ: ಅಟ್ಟವನ್ನು ನಿಮ್ಮಲ್ಲಿ ಹತ್ತುತ್ತಾರೋ, ಏರುತ್ತಾರೋ, ಅಡರುತ್ತಾರೋ.